ಮಾತೃಸಿದ್ಧಿ ಪ್ರಕರಣ

ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಮೊದಲು ಅನುಬಂಧ ಚತುಷ್ಟಯವನ್ನು ಹೇಳಿಬಿಡುತ್ತೇನೆ. ಈ ಗ್ರಂಥದ ವಿಷಯ, ತಾಯಿ. ಪ್ರಯೋಜನ, ಪೋರ್ಚುಗಲ್ ದೇಶದ ಪಾಸ್‌ಪೋರ್ಟು. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, 1961ರ ಡಿಸೆಂಬರ್ 19ಕ್ಕೆ ಮುಂಚೆ ಗೋವೆಯಲ್ಲಿ ಹುಟ್ಟಿದ ತಾಯಿಯನ್ನೋ ತಂದೆಯನ್ನೋ ಪಡೆದವನು. ನಾಲ್ಕನೆಯದು ಸಂಬಂಧ. ಅದನ್ನು ಸಾಧಿಸುವುದೇ ಕಷ್ಟವಾದ್ದರಿಂದ ಉಳಿದ ಗ್ರಂಥವೆಲ್ಲ ಅದಕ್ಕೇ ಮೀಸಲು.

ಉದಾಹರಣೆಗೆ ದೇವದತ್ತನನ್ನು ತೆಗೆದುಕೊಳ್ಳೋಣ. ನಮ್ಮ ತಾರ್ಕಿಕರು ಶತಮಾನಗಳಿಂದ ಪ್ರತಿ ಉದಾಹರಣೆಗೂ ಇವನನ್ನೇ ಎಳೆತಂದಿದ್ದಾರೆ. ಹಗಲು ಉಣ್ಣದಿದ್ದರೂ ದಪ್ಪಗಿದ್ದ ಪ್ರಸಿದ್ಧ ಪುರುಷ ಇವನೇ. ನಮ್ಮ ದೇವದತ್ತ ಕಾರವಾರದವನು, ತಾಯಿಯ ತವರು ಪಕ್ಕದ ಕಾಣಕೋಣ. ತಾಯಿ ಹುಟ್ಟಿದಾಗ ಕಾಣಕೋಣ ಪೋರ್ಚುಗೀಸರದು. ತಂದೆ ಹುಟ್ಟಿದಾಗ ಕಾರವಾರ ಮುಂಬಯಿ ಪ್ರಾಂತ್ಯದ್ದು. 1970ರಲ್ಲಿ ದೇವದತ್ತ ಹುಟ್ಟಿದ್ದು ಮೈಸೂರು ರಾಜ್ಯದಲ್ಲಿ, 1973ರಲ್ಲಿ ಅವನು ಅಂಬೆಗಾಲು ಬಿಟ್ಟು ನಡೆದಾಡುವಷ್ಟರಲ್ಲಿ ಅದು ಕರ್ನಾಟಕ. ಒಂದು ಸಂಸಾರಕ್ಕೆ ಇಷ್ಟೊಂದು ಸರಕಾರಗಳು ಬಂದು ಹೋದವು. ಸಂಸಾರ ಮಾತ್ರ ಮಾಜಾಳಿ ಗಡಿಯ ಆಚೀಚೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಕಾರವಾರದ ಕಣ್ಣೆದುರಿಗೇ ಇರುವ ಅಂಜದೀವ ದ್ವೀಪವೂ ಆಗ ಪೋರ್ಚುಗೀಸರದು, ಈಗಲೂ ಗೋವೆಯದು. ಹೀಗಾಗಿ ಈ ಊರಿನಲ್ಲಿ ‘ವಿದೇಶ’ ಎಂಬುದು ದೂರದ ಮಾತಲ್ಲ.

ಭಾರತ ಸರಕಾರ 1962ರಲ್ಲಿ ಒಂದು ಆದೇಶ ಹೊರಡಿಸಿ ಗೋವೆಯಲ್ಲಿ ಹುಟ್ಟಿದವರನ್ನು ಭಾರತೀಯರೆಂದು ಪರಿಗಣಿಸಿತು. ಬೇಡವೆನ್ನುವವರು ಒಂದು ತಿಂಗಳೊಳಗೆ ಹೇಳಬೇಕಿತ್ತು. ದೇವದತ್ತನ ತಾಯಿ ಏನೂ ಹೇಳಲಿಲ್ಲ. ಅವಳನ್ನು ಯಾರೂ ಕೇಳಲೂ ಇಲ್ಲ. ಅತ್ತ ಪೋರ್ಚುಗಲ್ 1974ರ ಕಡೆಯ ದಿನ ಸಹಿ ಮಾಡಿದ ಒಪ್ಪಂದದಲ್ಲಿ ಗೋವೆ ಭಾರತದ್ದೆಂದು ಒಪ್ಪಿತಾದರೂ, ಅಲ್ಲಿ ಹುಟ್ಟಿದವರಿಗೆ ಬಾಗಿಲು ಮುಚ್ಚಲಿಲ್ಲ. ಹಳೆಯ ಜನನವನ್ನು ಲಿಸ್ಬನ್ನಿನ ಕೇಂದ್ರ ನೋಂದಣಿ ಕಚೇರಿಯಲ್ಲಿ ದಾಖಲು ಮಾಡಿಸಿದರೆ ಅವರು ಪೋರ್ಚುಗೀಸರು, ಅವರ ಹಿಂದೆಯೇ ಮಕ್ಕಳೂ. ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಗೋವೆಯ ಮೀನುಸಾರಿನ ಪರಿಮಳ ಹಬ್ಬಿದ್ದು ಈ ಬಾಗಿಲಿನಿಂದಲೇ.

ಈಗ ಪೂರ್ವಪಕ್ಷ. “ತಾಯಿ ಎದುರಿಗೇ ಕುರ್ಚಿಯ ಮೇಲೆ ಕೂತು ಕವಳ ಹಾಕುತ್ತಿದ್ದಾಳಲ್ಲ, ಪ್ರತ್ಯಕ್ಷಕ್ಕಿಂತ ಬೇರೆ ಪ್ರಮಾಣ ಏಕೆ?” ಇದು ಚಾರ್ವಾಕರ ಮಾತು. ಕಚೇರಿಗಳಲ್ಲಿ ಚಾರ್ವಾಕರಿಗೆ ಪ್ರವೇಶವಿಲ್ಲ. ಕಣ್ಣಿಗೆ ಕಾಣುವ ತಾಯಿ ಭ್ರಮೆಯಿರಬಹುದು. ಅನುಮಾನವೂ ನಿಲ್ಲದು: ಹೊಗೆಯಿದ್ದಲ್ಲಿ ಬೆಂಕಿಯೆಂಬಂತೆ ಮಗನಿರುವುದರಿಂದ ತಾಯಿ ಇದ್ದೇ ಇರಬೇಕೆಂದು ಸಾಧಿಸಿದರೂ, ಆ ತಾಯಿ ಕಾಣಕೋಣದವಳೇ ಆಗಬೇಕೆಂಬ ವ್ಯಾಪ್ತಿ ಸಿಗುವುದಿಲ್ಲ. ಮೂಗು ಥೇಟ್ ಅವಳದೇ ಎಂಬ ಉಪಮಾನವನ್ನು ಗುಮಾಸ್ತರು ನಕ್ಕು ತಳ್ಳಿಹಾಕಿದರು.

ಉಳಿದದ್ದು ಶಬ್ದಪ್ರಮಾಣ, ಅಂದರೆ ಕಾಗದ. ಮೀಮಾಂಸಕರು ವೇದವನ್ನು ಅಪೌರುಷೇಯವೆಂದರು, ಬರೆದವನು ಯಾರೂ ಇಲ್ಲವಾದ್ದರಿಂದಲೇ ಅದರಲ್ಲಿ ದೋಷವಿಲ್ಲವೆಂದರು. ಸರಕಾರಿ ಕಾಗದವೂ ಹಾಗೆಯೇ. ಕೆಳಗಿನ ಸಹಿ ಯಾರದೆಂದು ಈವರೆಗೆ ಯಾರೂ ಓದಿಲ್ಲ.

ಗೋವೆಯ ಹಳೆಯ ಜನನ ದಾಖಲೆ ಪೋರ್ಚುಗೀಸ್ ಕೈಬರಹದಲ್ಲಿ ಕಥೆಯಂತೆ ಸಾಗುತ್ತದೆ. ಮಗುವಿನ ಅಜ್ಜ ಅಜ್ಜಿಯರ ಹೆಸರುಗಳೂ ಅದರಲ್ಲಿರುತ್ತವೆ. ಅದರ ನಕಲು ಸಿಕ್ಕಿದ್ದು ದೇವದತ್ತನ ಪುಣ್ಯ. ಆದರೆ ಪೋರ್ಚುಗೀಸರು ‘ಶ’ಕಾರಕ್ಕೆ ಎಕ್ಸ್ ಅಕ್ಷರ ಬಳಸುವವರು. ಹಾಗಾಗಿ ಶಾಂತಾ ಎಂಬ ಕೂಸು ಕಾರವಾರದ ಟೈಪಿಸ್ಟನ ಬಾಯಲ್ಲಿ ‘ಕ್ಸಾಂತಾ’ ಆಯಿತು. ಅಡ್ಡಹೆಸರುಗಳ ಕಥೆ ಇನ್ನೂ ದೊಡ್ಡದು: ಶೆಣೈಗಳು ಅಲ್ಲಿ ಸಿನಾಯ್, ಕಾಮತರು ಕಾಮೊತಿಂ, ಪ್ರಭುಗಳು ಪೊರೊಬೊ. ಇದು ಸಾಲದೆಂಬಂತೆ ಆ ಕಡೆಯ ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಸೊಸೆಯ ಹೆಸರು ಬದಲಿಸುವ ವಾಡಿಕೆ. ತವರಿನಿಂದ ಶಾಂತಾ ಸಿನಾಯ್ ಎಂದು ಹೊರಟವಳು ಧಾರೆ ಮುಗಿಯುವ ಹೊತ್ತಿಗೆ ಸುಮಿತ್ರಾಬಾಯಿ ಕಾಮತ್. ರೇಷನ್ ಕಾರ್ಡು ಸುಮಿತ್ರಮ್ಮ ಎನ್ನುತ್ತದೆ, ಆಧಾರ್ ಸುಮಿತ್ರಾ ಡಿ. ಎನ್ನುತ್ತದೆ. ಮದುವೆಯನ್ನು ಆ ಕಾಲದಲ್ಲಿ ಯಾರು ನೋಂದಾಯಿಸಿದ್ದರು? ಟ್ರಂಕಿನ ತಳದಲ್ಲಿದ್ದ ಅರಿಸಿನ ಹಚ್ಚಿದ ಲಗ್ನಪತ್ರಿಕೆಯೊಂದೇ ‘ಚಿ. ಸೌ. ಕುಂ. ಶಾಂತಾ’ಳಿಗೂ ಆ ವರನಿಗೂ ನಂಟಿತ್ತೆಂದು ಹೇಳುವ ಶ್ರುತಿವಾಕ್ಯ.

ಇಲ್ಲಿ ನೋಟರಿಗಳು ಅದ್ವೈತಿಗಳಾಗುತ್ತಾರೆ. ನಾಮರೂಪಗಳು ತೋರಿಕೆ, ವಸ್ತು ಒಂದೇ ಎಂಬ ಸಿದ್ಧಾಂತವನ್ನು ಛಾಪಾ ಕಾಗದದ ಮೇಲೆ ಬರೆದು, ‘ಇವರೆಲ್ಲರೂ ಒಬ್ಬಳೇ’ ಎಂದು ಮೊಹರು ಒತ್ತುತ್ತಾರೆ. ಲಿಸ್ಬನ್ ಮಾತ್ರ ಉಡುಪಿಯ ದ್ವೈತಿಗಳ ಕಡೆಗೆ ವಾಲಿದೆ. ಅದಕ್ಕೆ ಭೇದವೇ ಸತ್ಯ. ಸುಮಿತ್ರಾ ಎಂದೆಂದಿಗೂ ಶಾಂತಾ ಆಗಲಾರಳು, ಮುಕ್ತಿಯಲ್ಲೂ.

ಮಗನ ಹುಟ್ಟಿನ ವಿಚಾರ ಇನ್ನೂ ಗಹನ. ಆ ಪೀಳಿಗೆಯ ಕನ್ನಡಿಗರಲ್ಲಿ ಬಹುಮಂದಿಯಂತೆ ದೇವದತ್ತನೂ ಶಾಲೆಯ ದಾಖಲೆಯಲ್ಲಿ ಜೂನ್ 1ರಂದು ಹುಟ್ಟಿದ್ದಾನೆ. ಮಾಸ್ತರರ ಸಂಕಲ್ಪಮಾತ್ರದಿಂದ ಒಂದು ಪೀಳಿಗೆ ಒಂದೇ ದಿನ ಜನಿಸಿದ ಈ ಪವಾಡವನ್ನು ಪುರಾಣಗಳೂ ಕಂಡಿಲ್ಲ. ಜನನ ನೋಂದಣಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಆಗ ಕಚೇರಿ ಕೊಡುವುದು ಅಲಭ್ಯತಾ ಪತ್ರ: ಹುಡುಕಿದೆವು, ಸಿಗಲಿಲ್ಲ ಎಂಬುದಕ್ಕೆ ಮುದ್ರೆ. ಇದು ಭಾಟ್ಟ ಮೀಮಾಂಸಕರ ಆರನೆಯ ಪ್ರಮಾಣವಾದ ಅನುಪಲಬ್ಧಿಯೇ ಹೊರತು ಬೇರೆಯಲ್ಲ. ನೆಲದ ಮೇಲೆ ಗಡಿಗೆ ಕಾಣದಿರುವುದರಿಂದ ಗಡಿಗೆ ಇಲ್ಲವೆಂದು ತಿಳಿಯುತ್ತೇವೆಂದರು ಅವರು. ನಮ್ಮ ಕಚೇರಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಲ್ಲದ ಗಡಿಗೆಗೆ ರಸೀದಿ ಕೊಡುತ್ತದೆ.

ಆ ರಸೀದಿ ಹಿಡಿದು ಮ್ಯಾಜಿಸ್ಟ್ರೇಟರ ಆದೇಶ ಪಡೆದು ತಡವಾಗಿ ನೋಂದಣಿ ಮಾಡಿಸಬಹುದು. ಆದರೆ ಪೋರ್ಚುಗಲ್‌ನ 1981ರ ಪೌರತ್ವ ಕಾನೂನಿನ 14ನೆಯ ವಿಧಿ, 2024ರಲ್ಲಿ ತಿದ್ದುಪಡಿಯಾಗುವವರೆಗೆ, ತಾಯಿ ಮಕ್ಕಳ ಸಂಬಂಧ ಮಗು ಅಪ್ರಾಪ್ತನಿದ್ದಾಗಲೇ ಸ್ಥಾಪಿತವಾಗಿರಬೇಕೆಂದು ಬಯಸುತ್ತಿತ್ತು. ಐವತ್ತು ದಾಟಿದವನಿಗೆ ಮ್ಯಾಜಿಸ್ಟ್ರೇಟರು ತಾಯಿಯನ್ನು ಕೊಟ್ಟರೆ ಲಿಸ್ಬನ್ನಿಗೆ ಅನುಮಾನವಿತ್ತು. ಹಾಗಾದರೆ ಹಳೆಯ ಕಾಗದ ಯಾವುದಿದೆ? ಶಾಲೆಯ ದಾಖಲಾತಿ ಪುಸ್ತಕವಿದೆ, ಅದರಲ್ಲಿ ತಂದೆಯ ಹೆಸರಿದೆ, ಜಾತಿಯಿದೆ, ಬಿಟ್ಟುಹೋದ ಕಾರಣವೂ ಇದೆ. ತಾಯಿಯ ಹೆಸರಿಗೆ ಕಾಲಮ್ಮೇ ಇಲ್ಲ. ಆಗಿನ ಎಸ್ಸೆಸ್ಸೆಲ್ಸಿ ಪತ್ರದಲ್ಲೂ ಇಲ್ಲ. ಹೆತ್ತವಳು ಯಾರೆಂದು ಅಷ್ಟು ವರ್ಷ ಒಬ್ಬರೂ ಕೇಳಲಿಲ್ಲ. ಈಗ ಎಲ್ಲರೂ ಅವಳನ್ನೇ ಕೇಳುತ್ತಾರೆ. ಈ ಪ್ರಕರಣದಲ್ಲಿ ಗ್ರಂಥಕರ್ತನಿಗೆ ತಮಾಷೆಯೆನಿಸದ ಭಾಗ ಇದೊಂದೇ.

ಫಲಶ್ರುತಿ. ಇಷ್ಟೆಲ್ಲ ದಾಟಿ ದೇವದತ್ತ ಪೋರ್ಚುಗೀಸನಾದನೆನ್ನಿ, ಆ ಪಾಸ್‌ಪೋರ್ಟು ಕೈಗೆ ಬಂದೊಡನೆ ಅವನು ಭಾರತೀಯನಲ್ಲ. ಎರಡು ಪೌರತ್ವ ನಮ್ಮಲ್ಲಿಲ್ಲ. ಭಾರತದ ಪಾಸ್‌ಪೋರ್ಟು ಒಪ್ಪಿಸಿ ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡು ಪಡೆಯಬಹುದು. ಮಡಗಾಂವ್ ಮೂಲದ ಅಂತೋನಿಯೊ ಕೋಸ್ತಾ ಪೋರ್ಚುಗಲ್ ಪ್ರಧಾನಿಯಾಗಿ 2017ರಲ್ಲಿ ಬೆಂಗಳೂರಿನ ಪ್ರವಾಸಿ ಭಾರತೀಯ ದಿವಸಕ್ಕೆ ಬಂದಿದ್ದರಲ್ಲ, ಅವರ ಬಳಿಯೂ ಅದೇ ಕಾರ್ಡಿದೆ. ಅದರಲ್ಲಿ ಮತ ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ದೇವದತ್ತನ ಮಗು ನಾಳೆ ಲಿಸ್ಬನ್ನಿನಲ್ಲಿ ಹುಟ್ಟಿದರೆ, ಅದಕ್ಕೂ ಆ ಕಾರ್ಡು ಬೇಕೆಂದಾಗ, ಅಪ್ಪ ಒಂದು ಕಾಲಕ್ಕೆ ಭಾರತೀಯನಾಗಿದ್ದನೆಂದು ಪುರಾವೆ ಕೊಡಬೇಕು. ಅದಕ್ಕೆ ‘ಪಿತೃಸಿದ್ಧಿ’ ಎಂಬ ಬೇರೆ ಗ್ರಂಥವೇ ಬೇಕಾದೀತು.

ಅಧಿಕಾರಿಗಳಾದ ಓದುಗರಲ್ಲಿ ಒಂದು ಬಿನ್ನಹ. ಅಮ್ಮನ ತವರುಹೆಸರಿನ ಕಾಗದ ಯಾವುದಾದರೂ ಮನೆಯಲ್ಲಿದ್ದರೆ ಇಂದೇ ಹುಡುಕಿ ತೆಗೆದು ಜೆರಾಕ್ಸ್ ಮಾಡಿಸಿ. ಮೂಲಪ್ರತಿಯನ್ನು ಭಕ್ತಿಯಿಂದ ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ. ಲ್ಯಾಮಿನೇಟ್ ಆದ ಕಾಗದದ ಮೇಲೆ, ವಿದೇಶದಲ್ಲಿ ಅದನ್ನು ಒಪ್ಪಿಸುವ ಅಪೋಸ್ಟಿಲ್ ಮುದ್ರೆ ಹಾಕುವುದಿಲ್ಲ.