ಆಯುಧಪೂಜೆಯ ರಿಮೋಟು

ಟಿವಿಗೆ ರಿಮೋಟು ಜೋಡಿಸುವುದರಲ್ಲಿ ಒಂದೊಂದು ಕಂಪನಿಯವರದು ಒಂದೊಂದು ಸಂಪ್ರದಾಯ. ಫೈರ್ ಟಿವಿಯಾದರೆ ಹೋಮ್ ಗುಂಡಿಯೊಂದನ್ನೇ 10 ಸೆಕೆಂಡು ಒತ್ತಿ ಹಿಡಿಯಬೇಕು. ಗೂಗಲ್‌ನವರಿಗೆ ಬ್ಯಾಕ್, ಹೋಮ್ ಎರಡೂ ಒಟ್ಟಿಗೆ. ಆಪಲ್ ಟಿವಿಗೆ ಬ್ಯಾಕ್ ಜೊತೆಗೆ ವಾಲ್ಯೂಮ್ ಏರಿಸುವ ಗುಂಡಿ, 5 ಸೆಕೆಂಡು. ರೋಕುವಿನ ಕೆಲವು ರಿಮೋಟುಗಳಲ್ಲಿ ಶೆಲ್ಲು ಹಾಕುವ ಗೂಡಿನೊಳಗೇ ಒಂದು ಪುಟಾಣಿ ಗುಂಡಿ ಅವಿತು ಕೂತಿರುತ್ತದೆ. ಯಾವ ಬೆರಳು ಎಲ್ಲಿ, ಎಷ್ಟು ಹೊತ್ತು ಎಂಬ ಕಟ್ಟುನಿಟ್ಟಿನಲ್ಲಿ ಇದು ಸಂಧ್ಯಾವಂದನೆಯ ಮುದ್ರೆಗಳ ಹಾಗೇ.

ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಹೊಸ ಸ್ಟಿಕ್ ಬಂದಾಗ ಅದರ ಉಸ್ತುವಾರಿ ಮಾವನವರು ವಹಿಸಿಕೊಂಡರು. ತುಮಕೂರಿನಲ್ಲಿ ಕೆಇಬಿಯಲ್ಲಿದ್ದು ನಿವೃತ್ತರಾದವರು. ಮಗ "ಸಂಜೆ ಬಂದು ನಾನು ಮಾಡ್ತೀನಿ ಬಿಡಪ್ಪ" ಅಂದದ್ದಕ್ಕೆ, "ಇಡೀ ಜಿಲ್ಲೆಗೆ ಲೈನ್ ಎಳೆಸಿದೋನಿಗೆ ಇದೇನೋ" ಎಂದರು. ಆದರೆ ಅತ್ತೆ ಊರಿಂದ ಬರುವಾಗಲೇ ದಪ್ಪ ಪ್ಲಾಸ್ಟಿಕ್ಕಿನ ರಿಮೋಟ್ ಕವರು ತಂದಿದ್ದರು. ರಿಮೋಟು ಡಬ್ಬಿಯಿಂದ ಹೊರಬಿದ್ದದ್ದೇ ಅದಕ್ಕೆ ಅಂಗಿ ತೊಡಿಸಿ, ರಬ್ಬರ್ ಬ್ಯಾಂಡ್ ಬಿಗಿದೂ ಆಗಿತ್ತು. ಆ ಕವರಿನ ಮೇಲೆ ಎರಡು ಗುಂಡಿ ಒಟ್ಟಿಗೆ ಒತ್ತುವುದೆಂದರೆ ಬೆರಳು ಜಾರಿ ಜಾರಿ ಮೂರನೆಯದೇ ಒತ್ತಿಕೊಳ್ಳುತ್ತದೆ. ಶೆಲ್ಲೇ ಸರಿಯಿಲ್ಲ ಎಂದು ಅತ್ತೆ ಅವನ್ನು ಬಾಲ್ಕನಿಯಲ್ಲಿ ಬಿಸಿಲಿಗಿಟ್ಟರು. ಕಡೆಗೆ ಅಂಗಿ ಕಳಚಿದ ಮೇಲೆ ರಿಮೋಟು ತೆಪ್ಪಗೆ ಜೋಡಿಯಾಯಿತು. ಟಿವಿ ಒಂದು ರಾಗ ನುಡಿಸಿ, ಸದ್ದು ಹೆಚ್ಚು ಕಡಿಮೆ ಆಯಿತೇ, ಹೌದೋ ಅಲ್ಲವೋ ಎಂದು ಕೇಳಿತು. ಮಾವ ಗುಂಡಿ ಒತ್ತುವ ಮೊದಲು ಬಾಯಲ್ಲೇ "ಆಯ್ತಪ್ಪ, ಆಯ್ತು" ಎಂದರು.

ರಿಮೋಟಿಗೆ ಮಾತೂ ಅರ್ಥವಾಗುತ್ತದೆ ಎಂದು ಮೊಮ್ಮಗಳು ಹೇಳಿಕೊಟ್ಟಳು. ಮಾವ ಮೈಕಿನ ಗುಂಡಿ ಒತ್ತಿ ಸ್ಪಷ್ಟವಾಗಿ "ಗಂಧದ ಗುಡಿ" ಎಂದರು. ಬಂದದ್ದು ಆಟನ್‌ಬರೋ ಅವರ 'ಗಾಂಧಿ'. ಇರಲಿ ಬಿಡು ಎಂದು 3 ಗಂಟೆಗೂ ಮೀರಿದ ಆ ಸಿನಿಮಾವನ್ನು ಅಲ್ಲಾಡದೆ ಕೂತು ನೋಡಿ, ರಾಜ್‌ಕುಮಾರ್ ಇದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು ಎಂದು ಎದ್ದರು.

ಊರಿನ ರಾತ್ರಿ 7ರ ಧಾರಾವಾಹಿ ನಮಗಿಲ್ಲಿ, ನವೆಂಬರಿನಲ್ಲಿ ಗಡಿಯಾರ ಹಿಂದಕ್ಕೆ ತಿರುಗುವವರೆಗೆ, ಬೆಳಿಗ್ಗೆ 9:30ಕ್ಕೆ. ಅಡುಗೆಮನೆಗೂ ಕೇಳಬೇಕಲ್ಲ, ಅತ್ತೆ ವಾಲ್ಯೂಮು ಮೇಲಕ್ಕೇ ಇಟ್ಟಿರುತ್ತಾರೆ. ಆಯುಧಪೂಜೆಯ ದಿನ ಕಾರು, ಲ್ಯಾಪ್‌ಟಾಪು, ಈಳಿಗೆಮಣೆ ಎಲ್ಲಕ್ಕೂ ಗಂಧ, ಕುಂಕುಮ ಬಿತ್ತು. ಓಕ್ ಟ್ರೀ ರಸ್ತೆಯಲ್ಲಿ ತಂದ ಕುಂಕುಮ, ಗಾಢ ಬಣ್ಣ. ರಿಮೋಟಿಗೂ ಇಟ್ಟರು. ಪೂಜೆ ಮುಗಿದು ಕೂತರೆ ವಿಚಿತ್ರ: ಚಾನೆಲ್ಲು ಬದಲಾಗುತ್ತದೆ, ಸದ್ದು ಮಾತ್ರ ಇಳಿಯದು. ಧಾರಾವಾಹಿಯ ಸೊಸೆ ಗೋಡೆ ನಡುಗುವಂತೆ ಅಳುತ್ತಿದ್ದಾಳೆ.

ಮಾವ ತನಿಖೆಗಿಳಿದರು. ನನ್ನ ಫೋನಿನ ಸೆಲ್ಫಿ ಕ್ಯಾಮೆರಾ ತೆಗೆಸಿ ರಿಮೋಟಿನ ಮೂತಿಯನ್ನು ಅದಕ್ಕೆ ಹಿಡಿದು ವಾಲ್ಯೂಮ್ ಒತ್ತಿದರು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಕ್ಯಾಮೆರಾದಲ್ಲಿ ನೇರಳೆಯಾಗಿ ಮಿನುಗಬೇಕು. ಮಿನುಗಲಿಲ್ಲ. "ಸಪ್ಲೈ ಇಲ್ಲ" ಎಂದರು. ಇಂಥ ರಿಮೋಟುಗಳಲ್ಲಿ ಎರಡು ಲೈನು. ಸ್ಟಿಕ್ಕಿಗೆ ಹೋಗುವ ಅಪ್ಪಣೆ ಬ್ಲೂಟೂತ್‌ನಲ್ಲಿ. ಅದಕ್ಕೆ ರಿಮೋಟು ಕಂಕುಳಲ್ಲಿದ್ದರೂ ನಡೆದೀತು. ಟಿವಿಯ ಸದ್ದು, ಆನ್-ಆಫ್ ಮಾತ್ರ ತುದಿಯ ಕರಿ ಗಾಜಿನಂಥ ಭಾಗದಿಂದ ಹೊರಡುವ ಬೆಳಕಿನಲ್ಲಿ. ಅತ್ತೆ ಕವರು ಸರಿಸಿ, ಗಂಧವನ್ನು ಗಟ್ಟಿಯಾಗಿ ಮೆತ್ತಿ ಮೇಲೆ ಕುಂಕುಮ ಇಟ್ಟಿದ್ದು ಸರಿಯಾಗಿ ಅಲ್ಲಿಗೇ.

"ಅಲ್ಲಿಗ್ಯಾಕೆ ಇಟ್ಟೆ ಮಾರಾಯ್ತಿ?"

"ಕಣ್ಣಿರೋ ಕಡೆಯೇ ಅಲ್ಲವಾ ಹಣೆ ಇರೋದು?"

ಒರೆಸಲು ನಾನು ಟಿಶ್ಯೂ ತಂದೆ. ಇಟ್ಟ ಕುಂಕುಮ ಅಳಿಸಬಾರದು, ನಾಳೆ ವಿಜಯದಶಮಿ ಕಳೆಯಲಿ ಎಂದು ಕೈ ತಡೆದರು. ಟಿವಿಯ ಸ್ವಂತ ಗುಂಡಿಯೋ ಬೆನ್ನ ಹಿಂದೆ, ಗೋಡೆಗೆ ಅಂಟಿಕೊಂಡು. ಈಗಿನ ಟಿವಿ ವಿನ್ಯಾಸ ಮಾಡುವವರಿಗೆ ಗುಂಡಿ ಕಂಡರೆ ನಾಚಿಕೆ. ಈ ಗಲಾಟೆಯಲ್ಲಿ ನನಗೆ ಜೆನಿತ್ ಕಂಪನಿಗೆ ರಾಬರ್ಟ್ ಆಡ್ಲರ್ 1956ರಲ್ಲಿ ಮಾಡಿಕೊಟ್ಟ ರಿಮೋಟು ನೆನಪಾಯಿತು. ಅದಕ್ಕೆ ಶೆಲ್ಲೇ ಬೇಡ. ಒಳಗಿನ ಅಲ್ಯೂಮಿನಿಯಂ ಕಡ್ಡಿಗೆ ಪುಟ್ಟ ಸುತ್ತಿಗೆ ಬಡಿದು ಕಿವಿಗೆ ಕೇಳದ ನಾದ ಹೊರಡಿಸುತ್ತಿತ್ತು. ಒಂದೇ ತೊಂದರೆ, ಬೀಗದ ಕೈ ಗೊಂಚಲು, ಚಿಲ್ಲರೆ ಕಾಸು ಝಣ್ ಎಂದರೂ ಚಾನೆಲ್ಲು ಬದಲಾಗಿಬಿಡುತ್ತಿತ್ತಂತೆ. ಅತ್ತೆಯ ಕೈಯಲ್ಲಿ ಹಸಿರು ಗಾಜಿನ ಬಳೆಯ ಜೊತೆಗೆ ನಾಲ್ಕು ಚಿನ್ನದವೂ ಇವೆ. ಆ ಟಿವಿ ನಮ್ಮ ಮನೆಯಲ್ಲಿ ಒಂದು ನ್ಯೂಸನ್ನೂ ಮುಗಿಸುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಮನೆಯ ಅಮೆರಿಕನ್ ಅಜ್ಜಿ, ಕೈಯಲ್ಲಿ ಫೋನು. ಯಾರೋ ಹೆಣ್ಣುಮಗಳು ಒಂದೇ ಸಮ ಅಳುತ್ತಿದ್ದಾಳೆ, 911ಕ್ಕೆ ಕರೆ ಮಾಡಲೇ ಎಂದರು, ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತ. ನಾನು ಬಾಯಿ ತೆರೆಯುವುದರೊಳಗೆ ಅತ್ತೆ ಅವರನ್ನು ಒಳಗೆ ಕರೆದು ಸೋಫಾದಲ್ಲಿ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ಕೋಸಂಬರಿ ಕೊಟ್ಟು, ಕನ್ನಡದಲ್ಲೇ ಕತೆ ಹೇಳತೊಡಗಿದರು. "ದಿಸ್ ಅತ್ತೆ, ವೆರಿ ಬ್ಯಾಡ್" ಎಂಬುದೊಂದೇ ಇಂಗ್ಲಿಷು. ಅಜ್ಜಿ ತಲೆಯಾಡಿಸಿದರು. ತಮ್ಮ ಅತ್ತೆಯೂ ಹಾಗೇ ಇದ್ದರಂತೆ.

ಈಗ 9:25ಕ್ಕೆಲ್ಲ ಅವರೂ ಬಂದು ಕೂರುತ್ತಾರೆ. ಮಾವನವರಿಗೆ ಸೋಫಾದಲ್ಲಿ ಜಾಗವಿಲ್ಲ.