ಆಮೇಲೆ ಗೌಡರು

ಮೂಡಿಗೆರೆ ಕಡೆಯಿಂದ ದೇವರಮನೆಗೆ ಹತ್ತುವಾಗ ಯಾವುದಾದರೂ ಹೋಂಸ್ಟೇ ಬೋರ್ಡ್ ಕಂಡಲ್ಲಿ ಗಾಡಿ ತಿರುಗಿಸಿ, ಆಮೇಲೆ ಗೌಡರು ಸಿಕ್ಕೇ ಸಿಗುತ್ತಾರೆ. ತಲೆಗೆ ಮಂಕಿ ಟೋಪಿ, ಸೊಂಟದಲ್ಲಿ ಗೋಡೌನಿನ ಬೀಗದ ಕೈ, ಬಾಯಲ್ಲಿ ಒಂದೇ ಮಂತ್ರ: 'ಅದೆಲ್ಲಾ ಆಮೇಲೆ ನೋಡಾಣ ಮಾರಾಯ.'

ಹಾಗಂತ ಮುಂದಾಲೋಚನೆ ಇಲ್ಲದವರಲ್ಲ. ಕಾಫಿ ಗಿಡಕ್ಕಿಂತ ಮೊದಲು ನೆರಳಿಗೆ ಹಾಲುವಾಣ ಊರಿದವರು. ಮಳೆಗೆ ಮುಂಚೆ ಬಸಿಗಾಲುವೆ, ಆನೆಗೆ ಮುಂಚೆ ಸೋಲಾರ್ ಬೇಲಿ. ನೆಂಟರು ಜಗಲಿವರೆಗೆ, ವ್ಯಾಪಾರಿ ಕಣದವರೆಗೆ, ರೈಟರ್ ಆಫೀಸ್ ರೂಮಿನವರೆಗೆ. ಗೋಡೌನಿನೊಳಕ್ಕೆ ಗೌಡರು ಮತ್ತು ಇಲಿ ಮಾತ್ರ. ಯಾರಿಗೆ ಎಷ್ಟು ಬೇಕೋ ಅಷ್ಟೇ ಬಾಗಿಲು ತೆರೆಯಬೇಕೆಂದು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಕಂಪ್ಯೂಟರ್ ಪಂಡಿತರು 1975ರಲ್ಲಿ ಬರೆದರು. ಗೌಡರ ಅಜ್ಜ ಅದನ್ನು ಓದದೆಯೇ ಪಾಲಿಸಿದ್ದರು.

ವೈರ್ ಕಂಡರೆ ಮಾತ್ರ ಈ ಬುದ್ಧಿಯೆಲ್ಲ ಮಾಯ. ಹೋಂಸ್ಟೇ ಕಟ್ಟುವಾಗಲೇ ಮೂಡಿಗೆರೆಯ ಕಂಪ್ಯೂಟರ್ ಹುಡುಗ ಹಾಳೆಯ ಮೇಲೆ ಗೀಟೆಳೆದು ತೋರಿಸಿದ್ದ: 'ಗೌಡ್ರೇ, ಗೆಸ್ಟ್‌ಗಳಿಗೆ ಒಂದು ನೆಟ್‌ವರ್ಕ್, ಆಫೀಸಿಗೆ ಒಂದು, ಕ್ಯಾಮೆರಾಗಳಿಗೆ ಒಂದು. ಒಂದ್ರಲ್ಲಿದ್ದೋರಿಗೆ ಇನ್ನೊಂದು ಕಾಣಬಾರ್ದು. ಪ್ಲಾಸ್ಟರಿಂಗ್‌ಗೆ ಮುಂಚೆ ಪೈಪ್ ಹಾಕಿದ್ರೆ ಸಲೀಸು.' ಗೌಡರು ಓದಿದ್ದು ಕೊನೆಯ ಸಾಲಿನ ಮೊತ್ತ ಒಂದನ್ನೇ. 'ಮೊದ್ಲು ನೆಟ್ ಬರ್ಲಿ. ಬೀಗ ಗೀಗ ಆಮೇಲೆ.'

ಗೆಸ್ಟ್‌ಗಳ ಮೊಬೈಲು, ಅವರ ಆಧಾರ್ ಪ್ರತಿ ತುಂಬಿದ ಆಫೀಸ್ ಕಂಪ್ಯೂಟರ್, ಕಣದ, ಗೋಡೌನಿನ ಕ್ಯಾಮೆರಾಗಳು, ಎಲ್ಲ ಒಂದೇ ರೂಟರಿಗೆ ಬಿದ್ದವು. ಊಟದ ಹಾಲಿನ ಮೆನು ಬೋರ್ಡಿನಲ್ಲಿ ಕಡುಬು, ಕೋಳಿಸಾರಿನ ಕೆಳಗೆ ದಪ್ಪಕ್ಷರದಲ್ಲಿ ಪಾಸ್‌ವರ್ಡ್: ದೇವರಮನೆ123. ಕ್ಯಾಮೆರಾ ಪೆಟ್ಟಿಗೆಗೆ ಕಾರ್ಖಾನೆಯಿಂದ ಬಂದ ಪಾಸ್‌ವರ್ಡೇ ಗಟ್ಟಿ.

ಹುಡುಗ ಹೆದರಿಸಿಯೂ ನೋಡಿದ. 2016ರಲ್ಲಿ ಮಿರಾಯ್ ಅಂತ ಒಂದು ವೈರಸ್ಸು, ಪಾಸ್‌ವರ್ಡ್ ಬದಲಿಸದ ಇಂಥವೇ ಕ್ಯಾಮೆರಾಗಳನ್ನು ಲಕ್ಷಗಟ್ಟಲೆ ವಶ ಮಾಡಿಕೊಂಡು, ಅವುಗಳಿಂದಲೇ ಮುತ್ತಿಗೆ ಹಾಕಿಸಿ, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸನ್ನೇ ಕೆಲ ಹೊತ್ತು ಮಲಗಿಸಿತ್ತು ಎಂದ.

'ಯಾವ ಮಾರಾಯ ಈ ಗುಡ್ಡ ಹತ್ತಿ ಬರ್ತಾನೆ? ಮಂಜಲ್ಲಿ ನಮ್ಗೇ ದಾರಿ ಕಾಣಲ್ಲ!'

ಜನರ ಮಾಹಿತಿಗೆ ತಕ್ಕ ಕಾವಲಿಡದೆ ಸೋರಿಹೋದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 250 ಕೋಟಿ ರೂಪಾಯಿವರೆಗೂ ದಂಡವಿದೆ ಎಂದ. ಗೌಡರು ಇನ್ನೂ ನಿರಾಳರಾದರು. 'ತೋಟ ಮಾರಿದ್ರೂ ಅಷ್ಟು ಹುಟ್ಟಲ್ಲ. ಇನ್ಯಾಕೆ ಹೆದ್ರಾದು?'

ಈ ಧೈರ್ಯಕ್ಕೆ ಕೊಡಲಿ ಬಿದ್ದದ್ದು ಜನವರಿಯಲ್ಲಿ, ಕಣದ ತುಂಬ ಕಾಫಿ ಹರವಿದ್ದಾಗ. ಬೆಂಗಳೂರಿನಿಂದ ಬಂದಿದ್ದ ಸಾಫ್ಟ್‌ವೇರ್ ಹುಡುಗನೊಬ್ಬ ತಿಂಡಿಗೆ ಕೂತವನೇ, 'ಸಾರ್, ಮೋಡ ಕಟ್ತಾ ಇದೆ. ಕಣದ ಆ ಮೂಲೇಲಿ ಟಾರ್ಪಾಲ್ ಹೊದಿಸಿಲ್ಲ' ಎಂದ. ಗೌಡರಿಗೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಆಳು ಓಡಿಸಿ, ತಾವೇ ಎರಡು ಕಡುಬು ಹೆಚ್ಚಿಗೆ ಬಡಿಸಿದರು.

'ಅಷ್ಟು ಬೆಳಗ್ಗೇನೇ ಕಣದ ಕಡೆ ಹೋಗಿದ್ರಾ?'

'ಇಲ್ಲ ಸಾರ್, ಹಾಸಿಗೇಲೇ ಇದ್ದೆ. ನಿಮ್ಮ ಕ್ಯಾಮೆರಾ ನನ್ನ ಮೊಬೈಲಲ್ಲಿ ಬಂತು. ಗೋಡೌನಿಂದೂ ಕಾಣುತ್ತೆ. ಎಡಗಡೆ ಅರವತ್ತು ಮೂಟೆ, ಅಲ್ವಾ?'

ಸೌಟು ಗಾಳಿಯಲ್ಲೇ ನಿಂತಿತು. 250 ಕೋಟಿಗೆ ಜಗ್ಗದ ಗೌಡರು ಅರವತ್ತು ಮೂಟೆಗೆ ಬೆವರಿದರು. ಬ್ಯಾಂಕಿಗೂ ಭಾವಮೈದನಿಗೂ ಮೂವತ್ತೈದು ಅಂತ ಹೇಳಿದ್ದ ಲೆಕ್ಕ ಅದು.

ಮಧ್ಯಾಹ್ನಕ್ಕೆಲ್ಲ ಮೂಡಿಗೆರೆಯ ಹುಡುಗನಿಗೆ ಬುಲಾವು. ಬಣ್ಣ ಬಳಿದ ಗೋಡೆ ಒಡೆದು, ಪೈಪ್ ಹೂಳಿ, ಮತ್ತೆ ಸಿಮೆಂಟು ಮೆತ್ತಿದ ಮೇಲೆ ಒಂದು ನೆಟ್‌ವರ್ಕ್ ಮೂರಾಯಿತು, ಖರ್ಚೂ ಮೊದಲಿನ ಮೂರು ಪಾಲಾಯಿತು. ಈಗ ಪಕ್ಕದ ತೋಟದಲ್ಲಿ ಯಾರೇ ಹೋಂಸ್ಟೇಗೆ ಪಾಯ ತೆಗೆದರೂ ಗೌಡರು ಕೋಲೂರಿಕೊಂಡು ಹಾಜರ್: 'ಎಲ್ಲಾ ಮೊದ್ಲೇ ಮಾಡ್ಕಬೇಕು ಕಣ್ರೀ. ನಾನಂತೂ ಹಂಗೇ.'

ಹುಡುಗನೂ ಪಾಠ ಕಲಿತಿದ್ದ. ಹೊಸ ಹಾಳೆಯ ಮೊದಲ ಸಾಲಿನಲ್ಲೇ ಅಡ್ವಾನ್ಸ್ ಅಂತ ಬರೆದು, ದುಡ್ಡು ಕೈಗೆ ಬಂದ ಮೇಲೇ ಸುತ್ತಿಗೆ ಎತ್ತಿದ್ದ. ಇದೇನೋ ಮಾರಾಯ ಎಂದು ಗೌಡರು ಕೇಳಿದ್ದಕ್ಕೆ ಹೇಳಿದ್ದಿಷ್ಟೇ: 'ಸೆಕ್ಯುರಿಟಿ ಗೌಡ್ರೇ. ಈ ಸಲ ಡಿಸೈನಲ್ಲೇ ಸೇರಿಸಿದೀನಿ.'