ಎಣಿಸಿ, ಎತ್ತಂಗಡಿ

ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು ಕಟ್ಟಲು ಹೊರಟಿರುವ ಗಲಾಥಿಯಾ ಕೊಲ್ಲಿಯಲ್ಲಿ ಹವಳದ ಗಣತಿ ನಡೆದಿದೆ. ಲೆಕ್ಕ ಪಕ್ಕಾ. ಒಟ್ಟು 20,668 ಹವಳದ ಗುಂಪುಗಳು. ಸುಮಾರು ಇಪ್ಪತ್ತು ಸಾವಿರ ಅಂತ ಹಾರಿಸಿಲ್ಲ, ಕೊನೆಯ ಎಂಟನ್ನೂ ಬಿಟ್ಟಿಲ್ಲ.

ಇಷ್ಟು ಎಣಿಸಿದ ಮೇಲೆ ಯೋಜನೆಯ ಪರಿಶೀಲನೆಗೆ ನೇಮಕವಾದ ಉನ್ನತಾಧಿಕಾರ ಸಮಿತಿಗೆ ಹೊಳೆದದ್ದೇನು? ಬಂದರು ಕಾಮಗಾರಿಯ ಜಾಗದಲ್ಲಿ ಹವಳದ ದಿಬ್ಬವೇ ಇಲ್ಲ! ಇರುವುದು ಅಲ್ಲಲ್ಲಿ ಚದುರಿದ ಹವಳ, ಅಷ್ಟೆ.

ದಿಬ್ಬ ಇದ್ದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಅಡ್ಡ ಬರುತ್ತದೆ. ಇಲ್ಲದಿದ್ದರೆ ಯಾರಿಗೂ ತಾಪತ್ರಯವಿಲ್ಲ. ಹವಳವೊಂದನ್ನು ಬಿಟ್ಟು.

ಹವಳದ ಸಮೀಕ್ಷೆ ಹುಡುಗಾಟವಲ್ಲ. ನೀರಿನ ತಳದಲ್ಲಿ ಅಳತೆ ಟೇಪ್ ಹಾಸಬೇಕು. ಅದರುದ್ದಕ್ಕೂ ಚೌಕಟ್ಟು ಇಟ್ಟು, ಒಳಗೆ ಸಿಕ್ಕಿದ್ದನ್ನೆಲ್ಲ ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಬೇಕು, ಸಿಲಿಂಡರಿನ ಗಾಳಿ ಮುಗಿಯುವುದರೊಳಗೆ. ಪೊರೈಟಿಸ್ ಕುಲದ ಎರಡು ಪ್ರಭೇದಗಳ ವ್ಯತ್ಯಾಸ ತಿಳಿಯಲು ಮಿಲಿಮೀಟರಿನ ಲೆಕ್ಕದ ಗೂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇಷ್ಟೆಲ್ಲ ಪಡಿಪಾಟಲು ಪಟ್ಟು ತಯಾರಾದದ್ದು ಮನೆ ಖಾಲಿ ಮಾಡಿಸುವವರ ಸಾಮಾನು ಪಟ್ಟಿ.

16,150 ಗುಂಪುಗಳನ್ನು ಕಿತ್ತು ಬೇರೆ ಕಡೆ ಕೂರಿಸುತ್ತಾರಂತೆ. ಉಳಿದ 4,518? ಅಲ್ಲಿ ಹೂಳು ಎಷ್ಟು ಬೀಳುತ್ತದೆಂದು 15 ದಿನ ನೋಡಿ ಹೇಳುತ್ತಾರಂತೆ. ಬಂಡೆಯಂತೆ ಉಂಡೆಗಟ್ಟುವ ಹವಳ ಬೆಳೆಯುವುದು ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಹದಿನೈದು ದಿನಕ್ಕೆ ಅರ್ಧ ಮಿಲಿಮೀಟರೂ ಇಲ್ಲ. ಅಷ್ಟರಲ್ಲಿ ಅದರ ಹಣೆಬರಹ ಇತ್ಯರ್ಥ! ನಮ್ಮ ಖಾತೆ ಬದಲಾವಣೆ ಅರ್ಜಿಗೆ ಈ ಚುರುಕು ಎಂದಾದರೂ ಬಂದಿದೆಯೇ?

ಗಟ್ಟಿ ಹವಳಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿ ಜಾಗವಿದೆ, ಹುಲಿಯ ಜೊತೆಗೇ. ನೀವು ಅಂಡಮಾನಿಗೆ ಪ್ರವಾಸ ಹೋಗಿ ಒಂದು ಚೂರು ಮುರಿದು ಜೇಬಿಗೆ ಹಾಕಿಕೊಂಡರೆ ಅಪರಾಧ. ಹದಿನಾರು ಸಾವಿರ ಕಿತ್ತರೆ ಸಂರಕ್ಷಣೆ.

ಗಲಾಥಿಯಾ ಅಭಯಾರಣ್ಯವಾಗಿತ್ತು. ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆಯಿಡುವ ತೀರವದು. 2021ರ ಜನವರಿಯಲ್ಲಿ ಆ ಹಣೆಪಟ್ಟಿಯನ್ನೂ ಕಳಚಿದರು. ಆಮೆಗಳಿಗೆ ನೋಟಿಸ್ ಹೋಗಿರಲಾರದು, ಅವು ಈಗಲೂ ಬರುತ್ತಿವೆ.

ಇದೇ ಯೋಜನೆಗಾಗಿ ನೆಲಕ್ಕುರುಳುವ ನಿಕೋಬಾರಿನ ಮಳೆಕಾಡಿಗೆ ಪರಿಹಾರವಾಗಿ ಹರಿಯಾಣದಲ್ಲಿ ಗಿಡ ನೆಡುವುದೆಂದು ಗೊತ್ತುಮಾಡಿದ್ದಾರೆ. ಪುಣ್ಯಕ್ಕೆ ಹರಿಯಾಣಕ್ಕೆ ಸಮುದ್ರವಿಲ್ಲ. ಇದ್ದಿದ್ದರೆ ಹವಳವನ್ನೂ ಲಾರಿಗೆ ಹತ್ತಿಸುತ್ತಿದ್ದರು.